ಮೆಲುಕಿನ ಲೆಕ್ಕ

ಹಳ್ಳಿಯಲ್ಲಿ ಮದುವೆಯೋ ಜಾತ್ರೆಯೋ ಗೃಹಪ್ರವೇಶವೋ ಮುಗಿದ ಮರುದಿನ ಪಶುವೈದ್ಯರಿಗೆ ಬರುವ ಫೋನುಗಳಲ್ಲಿ ಒಂದಾದರೂ ಹೀಗಿರುತ್ತದೆ: ಹಸು ನಿನ್ನೆ ಸಂಜೆಯಿಂದ ಮೇವು ಮುಟ್ಟಿಲ್ಲ, ಮೆಲುಕು ಹಾಕ್ತಿಲ್ಲ, ಹೊಟ್ಟೆ ಉಬ್ಬಿದೆ, ಸಗಣಿ ನೀರಾಗಿ ಹುಳಿ ನಾತ ಹೊಡೀತಿದೆ, ನಿಂತರೆ ತೂರಾಡುತ್ತದೆ. ಏನು ತಿನ್ನಿಸಿದಿರಿ ಎಂದು ವೈದ್ಯರು ಕೇಳಿದರೆ ಆ ಕಡೆಯಿಂದ ತುಸು ತಡೆದು ಉತ್ತರ ಬರುತ್ತದೆ. ಊಟ ಮಿಕ್ಕಿತ್ತು ಸಾರ್, ಚೆಲ್ಲೋದ್ಯಾಕೆ ಅಂತ ಎರಡು ಬಕೆಟ್ ಅನ್ನ ಇಟ್ವಿ. ಅನ್ನದ ಜಾಗದಲ್ಲಿ ಕೆಲವೊಮ್ಮೆ ಮುದ್ದೆ ಇರುತ್ತದೆ, ಪಾಯಸ ಇರುತ್ತದೆ. ಮಲೆನಾಡಿನಲ್ಲಾದರೆ ಹಗ್ಗ ಬಿಚ್ಚಿಕೊಂಡು ಹೋಗಿ ಮರದಡಿ ತಿಂದು ಬಂದ ಹಲಸಿನಹಣ್ಣು. ಸುಗ್ಗಿಯಲ್ಲಾದರೆ ಕಣದ ರಾಶಿಗೇ ಬಾಯಿ ಹಾಕಿದ್ದು.

ಅಕ್ಕರೆಯಿಂದ ಇಟ್ಟ ಅನ್ನ ಹಸುವಿನ ಪ್ರಾಣ ತೆಗೆಯಬಹುದು ಎಂದರೆ ನಂಬುವುದು ಕಷ್ಟ. ಅನ್ನ ನಮಗೆ ಜೀವ. ಆದರೆ ಹಸು ತಿನ್ನುವುದು ನಮ್ಮ ಹಾಗೆ ತನಗಾಗಿ ಅಲ್ಲ. ಹುಲ್ಲಿನ ನಾರನ್ನು ಒಡೆಯುವ ಕಿಣ್ವ ಹಸುವಿನ ದೇಹದಲ್ಲಿ ತಯಾರಾಗುವುದೇ ಇಲ್ಲ. ಆ ಕೆಲಸವನ್ನೆಲ್ಲ ಅದರ ಹೊಟ್ಟೆಯಲ್ಲಿ ಬೀಡುಬಿಟ್ಟಿರುವ ಸೂಕ್ಷ್ಮಜೀವಿಗಳು ಮಾಡುತ್ತವೆ. ನಾಲ್ಕು ಭಾಗಗಳ ಹೊಟ್ಟೆಯಲ್ಲಿ ಎಲ್ಲಕ್ಕಿಂತ ದೊಡ್ಡದು ರೂಮೆನ್. ದೊಡ್ಡ ಮಿಶ್ರತಳಿ ಹಸುವಿನಲ್ಲಿ ನೂರು ಲೀಟರಿಗೂ ಮಿಕ್ಕಿ ಹಿಡಿಯುವ ಚೀಲ ಅದು. ಅದರೊಳಗಿನ ದ್ರವದ ಒಂದೇ ಒಂದು ಮಿಲಿಲೀಟರಿನಲ್ಲಿ ಸಾವಿರ ಕೋಟಿಯಷ್ಟು ಬ್ಯಾಕ್ಟೀರಿಯಾ ಇರುತ್ತವೆ, ಜೊತೆಗೆ ಪ್ರೋಟೋಜೋವಾ ಮತ್ತು ಶಿಲೀಂಧ್ರಗಳು. ಹಸು ನುಂಗಿದ್ದನ್ನು ಇವು ತಿಂದು, ಹುದುಗಿಸಿ, ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಎಂಬ ಆಮ್ಲಗಳನ್ನು ಬಿಡುತ್ತವೆ. ಹಸುವಿಗೆ ಬೇಕಾದ ಶಕ್ತಿಯಲ್ಲಿ ಸುಮಾರು ಶೇ 70ರಷ್ಟು ಬರುವುದು ಈ ಆಮ್ಲಗಳಿಂದ. ಕೊನೆಗೆ ಆ ಸೂಕ್ಷ್ಮಜೀವಿಗಳೇ ನಾಲ್ಕನೇ ಹೊಟ್ಟೆಗೆ ಹರಿದುಹೋಗಿ ಜೀರ್ಣವಾಗುತ್ತವೆ. ಹಾಲಿನ ಪ್ರೋಟೀನಿನ ದೊಡ್ಡ ಪಾಲು ಅವುಗಳ ಮೈಯಿಂದಲೇ ಬಂದದ್ದು.

ಇಡ್ಲಿ ಹಿಟ್ಟಿನ ಪಾತ್ರೆಯನ್ನು ಇಲ್ಲಿ ನೆನೆಸಿಕೊಳ್ಳಬಹುದು. ಹದವಾಗಿ ಹುದುಗಿದರೆ ಉಬ್ಬಿ ಬರುತ್ತದೆ, ಹದ ತಪ್ಪಿದರೆ ಹುಳಿಯೇರಿ ಬಾಯಿಗಿಡಲಾಗದು. ಹುಲ್ಲಿನ ನಾರು ನಿಧಾನವಾಗಿ ಹುದುಗುವಂಥದ್ದು. ಬೆಂದ ಅನ್ನ, ರಾಗಿ ಹಿಟ್ಟು, ಹಣ್ಣಿನ ಸಕ್ಕರೆ ಹಾಗಲ್ಲ, ಗಂಟೆಗಳಲ್ಲಿ ಹುದುಗಿಬಿಡುತ್ತವೆ. ಅವು ಒಮ್ಮೆಲೇ ಬಂದು ಬಿದ್ದಾಗ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾಗಳು ಹೆಚ್ಚಿಕೊಂಡು ಉಳಿದವನ್ನು ಮೂಲೆಗೊತ್ತುತ್ತವೆ. ಆರೋಗ್ಯದ ದಿನಗಳಲ್ಲಿ 6ರಿಂದ 6.8ರ ನಡುವೆ ಇರಬೇಕಾದ ರೂಮೆನ್ನಿನ ಪಿಎಚ್ 5ಕ್ಕಿಂತ ಕೆಳಗಿಳಿದರೆ ನಾರು ಅರಗಿಸುವ ಬಳಗ ಸತ್ತುಹೋಗುತ್ತದೆ. ಮೈಯ ನೀರನ್ನೆಲ್ಲ ಹೊಟ್ಟೆ ಎಳೆದುಕೊಳ್ಳುತ್ತದೆ, ರಕ್ತ ಆಮ್ಲವಾಗುತ್ತದೆ, ಹಸು ಮಲಗಿಬಿಡುತ್ತದೆ. ವೈದ್ಯರು ಸೋಡಿಯಂ ಬೈಕಾರ್ಬನೇಟನ್ನು, ಅಂದರೆ ಅಡುಗೆ ಸೋಡಾದ ಸಾರವನ್ನೇ, ರಕ್ತಕ್ಕೂ ಹೊಟ್ಟೆಗೂ ಕೊಡುತ್ತಾರೆ. ಬದುಕಿಕೊಂಡ ಹಸು ಕೆಲವು ವಾರಗಳ ಮೇಲೆ ಕುಂಟತೊಡಗಿದರೆ ಅದು ಬೇರೆ ಕಾಯಿಲೆಯಲ್ಲ. ಅಂದಿನ ಆಮ್ಲಬಾಧೆಯೇ ಗೊರಸಿನೊಳಗಿನ ಮೆತ್ತನೆ ಪದರಕ್ಕೆ ಇಳಿದು ಊತ ತಂದಿರುತ್ತದೆ.

ಇದು ಕಣ್ಣಿಗೆ ಕಾಣುವ ಅವಘಡ. ಹಸು ಬಿದ್ದರೆ ಮನೆಮಂದಿಯೆಲ್ಲ ಓಡುತ್ತಾರೆ. ನನಗೆ ಹೆಚ್ಚು ಮುಖ್ಯವಾಗಿ ತೋರುವುದು ಇದರದೇ ಸಣ್ಣ ರೂಪ. ಅದು ನಮ್ಮ ಸಾವಿರಾರು ಕೊಟ್ಟಿಗೆಗಳಲ್ಲಿ ದಿನಕ್ಕೆರಡು ಸಲ, ಸದ್ದಿಲ್ಲದೆ ನಡೆಯುತ್ತಿರುತ್ತದೆ. ಅದನ್ನು ತಿಳಿಯಲು ಮೊದಲು ಹಸುವಿನ ಬಾಯಿಯನ್ನು ನೋಡಬೇಕು.

ಹಸುವಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ, ಗಟ್ಟಿ ವಸಡಿನ ಪಟ್ಟಿ ಅಷ್ಟೆ. ಹುಲ್ಲನ್ನು ನಾಲಿಗೆಯಿಂದ ಸುತ್ತಿ, ಎಳೆದು, ಅರೆಬರೆ ಅಗಿದು ನುಂಗುತ್ತದೆ. ಆಮೇಲೆ ನೆರಳಿಗೆ ಬಂದು ಮಲಗಿ, ನುಂಗಿದ್ದನ್ನು ಉಂಡೆಯುಂಡೆಯಾಗಿ ಬಾಯಿಗೆ ತಂದುಕೊಂಡು ಒಂದೊಂದನ್ನೂ ನಿಮಿಷದ ಹೊತ್ತು, ಐವತ್ತು ಅರವತ್ತು ಸಲ ಅಗಿಯುತ್ತದೆ. ದಿನಕ್ಕೆ ಏಳೆಂಟು ಗಂಟೆ ಇದೇ ಕೆಲಸ. ನೋಡುವವರಿಗೆ ಸೋಮಾರಿತನದಂತೆ ಕಾಣುವ ಈ ಹೊತ್ತಿನಲ್ಲೇ ಹಸುವಿನ ಅತಿ ದೊಡ್ಡ ದುಡಿಮೆ ನಡೆಯುವುದು. ಚೆನ್ನಾಗಿ ಮೆಲುಕು ಹಾಕುವ ದೊಡ್ಡ ಹಸು ದಿನಕ್ಕೆ ನೂರು ಲೀಟರಿಗೂ ಹೆಚ್ಚು ಜೊಲ್ಲು ಸುರಿಸುತ್ತದೆ. ಹತ್ತು ಲೀಟರ್ ಕರೆಯುವ ಹಸುವಿನಲ್ಲಿ ಅದು ಹಾಲಿನ ಹತ್ತು ಪಟ್ಟು. ಆ ಜೊಲ್ಲಿನಲ್ಲಿ ಬೈಕಾರ್ಬನೇಟ್ ಮತ್ತು ಫಾಸ್ಫೇಟ್ ಇರುತ್ತವೆ. ವೈದ್ಯರು ಬಾಟಲಿಯಲ್ಲಿ ತರುವ ಸೋಡಾವನ್ನು ಹಸು ತಾನೇ ತಯಾರಿಸಿ, ತಾನೇ ನುಂಗಿ, ಹೊಟ್ಟೆಯ ಹುಳಿಯನ್ನು ತಗ್ಗಿಸಿಕೊಳ್ಳುತ್ತಿರುತ್ತದೆ.

ಆದರೆ ಜೊಲ್ಲು ಬರಬೇಕಾದರೆ ಅಗಿಯಬೇಕು. ಅಗಿಯಬೇಕಾದರೆ ಮೇವಿನಲ್ಲಿ ಉದ್ದ ನಾರಿರಬೇಕು. ಹಿಟ್ಟು, ಬೂಸಾ, ಪುಡಿಯಾದ ಫೀಡು ಹಸುವನ್ನು ಮೆಲುಕಿಗೆ ಹಚ್ಚುವುದಿಲ್ಲ.

ಹಳೇ ಮೈಸೂರಿನ ಕಡೆಯ ಕೊಟ್ಟಿಗೆಗಳಲ್ಲಿ ಬೆಳಿಗ್ಗೆ ಐದೂವರೆ, ಆರರ ಹೊತ್ತಿನಲ್ಲಿ ನಡೆಯುವುದನ್ನು ಗಮನಿಸಿ. ಡೈರಿಗೆ ಹಾಲು ಹಾಕುವ ಹೊತ್ತಾಗುತ್ತಿದೆ. ಮನೆಯಾಕೆ ಬಕೆಟ್ಟಿನಲ್ಲಿ ಹಿಂಡಿ, ಬೂಸಾ, ಫೀಡು ಸೇರಿಸಿ, ಕಲಗಚ್ಚು ಹುಯ್ದು, ಗಂಜಿಯಂತೆ ಕಲಸಿ ಹಸುವಿನ ಮುಂದಿಡುತ್ತಾಳೆ. ರಾತ್ರಿಯೆಲ್ಲ ಹೆಚ್ಚೇನೂ ತಿನ್ನದ ಹಸು ಅದನ್ನು ನಾಲ್ಕೈದು ನಿಮಿಷದಲ್ಲಿ ಹೀರಿ ಮುಗಿಸುತ್ತದೆ. ಅಗಿದದ್ದು ಇಲ್ಲವೆಂದೇ ಹೇಳಬೇಕು. ಹುಲ್ಲು ಬರುವುದು ಎಲ್ಲ ಕೆಲಸ ಮುಗಿದ ಮೇಲೆ, ಒಂದು ಗಂಟೆಯೋ ಎರಡು ಗಂಟೆಯೋ ಕಳೆದು. ಸಂಜೆ ಮತ್ತದೇ. ಮೂರು ನಾಲ್ಕು ಕಿಲೋ ಕೈತಿಂಡಿ ಖಾಲಿ ಹೊಟ್ಟೆಗೆ ಒಮ್ಮೆಲೇ ಬಿದ್ದಾಗ ರೂಮೆನ್ನಿನ ಪಿಎಚ್ ಕೆಲವು ಗಂಟೆಗಳ ಕಾಲ ಕುಸಿದು ಮತ್ತೆ ಮೇಲೇಳುತ್ತದೆ. ಹಸು ಬೀಳುವುದಿಲ್ಲ, ಜ್ವರ ಬರುವುದಿಲ್ಲ. ಒಂದು ದಿನ ಚೆನ್ನಾಗಿ ತಿನ್ನುತ್ತದೆ, ಮರುದಿನ ಬಿಡುತ್ತದೆ. ಸಗಣಿ ತೆಳ್ಳಗಾಗಿ ನೊರೆನೊರೆಯಾಗಿ ಬೀಳುತ್ತದೆ, ಅದರಲ್ಲಿ ಅರಗದ ಕಾಳು ಕಾಣುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ.

ಇನ್ನೊಂದು ಗುರುತು ಡೈರಿಯಲ್ಲಿ ಸಿಗುತ್ತದೆ. ನಮ್ಮ ಹಾಲು ಒಕ್ಕೂಟಗಳು ದರ ಕಟ್ಟುವುದು ಫ್ಯಾಟು ಅಂದರೆ ಕೊಬ್ಬು, ಮತ್ತು ಕೊಬ್ಬು ಬಿಟ್ಟುಳಿದ ಘನಾಂಶವಾದ ಎಸ್‌ಎನ್‌ಎಫ್ ನೋಡಿ. ಹಸುವಿನ ಹಾಲಿಗೆ ಫ್ಯಾಟು 3.5, ಎಸ್‌ಎನ್‌ಎಫ್ 8.5 ಎಂಬುದು ರೈತರಿಗೆ ಬಾಯಿಪಾಠ. ಹಾಲಿನ ಕೊಬ್ಬು ತಯಾರಾಗಲು ಮುಖ್ಯವಾಗಿ ಬೇಕಾದದ್ದು ಅಸಿಟಿಕ್ ಆಮ್ಲ, ಅದು ಹುಟ್ಟುವುದು ನಾರಿನಿಂದ. ಪಿಷ್ಟದಿಂದ ಹೆಚ್ಚಾಗಿ ಹುಟ್ಟುವ ಪ್ರೊಪಿಯೋನಿಕ್ ಆಮ್ಲ ಪಿತ್ತಜನಕಾಂಗದಲ್ಲಿ ಗ್ಲೂಕೋಸ್ ಆಗಿ, ಹಾಲಿನ ಸಕ್ಕರೆಯಾಗಿ, ಹಾಲಿನ ಅಳತೆಯನ್ನು ಏರಿಸುತ್ತದೆ. ಹಾಗಾಗಿ ಫೀಡು ಹೆಚ್ಚಿಸಿದ ಕೂಡಲೇ ಹಾಲು ಒಂದು ಲೀಟರ್ ಜಾಸ್ತಿಯಾದದ್ದು ನಿಜ. ಅದರ ಬೆನ್ನಿಗೇ ಫ್ಯಾಟು ಇಳಿದದ್ದೂ ನಿಜ. ಹುಳಿಯೇರಿದ ರೂಮೆನ್ನಿನಲ್ಲಿ ಹುಟ್ಟುವ ಕೆಲವು ಕೊಬ್ಬಿನಾಮ್ಲಗಳು ಕೆಚ್ಚಲಿಗೆ ಹೋಗಿ ಕೊಬ್ಬು ತಯಾರಿಕೆಗೇ ತಡೆ ಹಾಕುತ್ತವೆ. ರೈತ ಜಗಳ ಆಡುವುದು ಮಾತ್ರ ಡೈರಿ ಸೆಕ್ರೆಟರಿಯ ಜೊತೆ, ಬೈಯುವುದು ಟೆಸ್ಟಿಂಗ್ ಮೆಷಿನ್ನನ್ನು. ಮೆಷಿನ್ನು ಯಾವತ್ತೂ ತಪ್ಪುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಊರಿನ ಎಲ್ಲರ ಫ್ಯಾಟು ಸರಿಯಿದ್ದು ಒಂದು ಮನೆಯದು ಮಾತ್ರ ಇಳಿಯುತ್ತಿದ್ದರೆ ಗೋದಲಿಯ ಕಡೆ ನೋಡುವುದು ಒಳ್ಳೆಯದು.

ಇದಕ್ಕೆ ಮದ್ದು ದುಬಾರಿಯದಲ್ಲ. ಕೈತಿಂಡಿಗೆ ಮುಂಚೆ ಒಂದಿಷ್ಟು ಒಣಹುಲ್ಲು ಹಾಕಿದರೆ ಹಸು ಅಗಿಯಲು ತೊಡಗಿ, ಜೊಲ್ಲು ಇಳಿದು, ರೂಮೆನ್ನಿನಲ್ಲಿ ನಾರಿನ ಹಾಸು ಸಿದ್ಧವಾಗಿರುತ್ತದೆ. ಫೀಡನ್ನು ಗಂಜಿ ಮಾಡದೆ ಒಣದಾಗಿಯೋ ತುಸು ನೀರು ಚಿಮುಕಿಸಿಯೋ ಕೊಡುವುದು, ಎರಡು ಹೊತ್ತಿನದನ್ನು ಮೂರು ನಾಲ್ಕು ಸಲ ಹಂಚುವುದು, ಸಾಧ್ಯವಾದರೆ ಕತ್ತರಿಸಿದ ಮೇವಿನ ಜೊತೆ ಬೆರೆಸಿಬಿಡುವುದು. ಹಿಂಡಿ ಮುಂದಿಡದಿದ್ದರೆ ಹಸು ಹಾಲು ಇಳಿಸುವುದೇ ಇಲ್ಲ ಎನ್ನುವವರಿದ್ದಾರೆ. ರೂಢಿಯಾದ ಹಸು ಹಾಗೆ ಮಾಡುವುದು ಹೌದು. ಅದಕ್ಕೆ ಎರಡು ಹಿಡಿ ಸಾಕು, ಬಕೆಟ್ ತುಂಬ ಬೇಕಿಲ್ಲ.

ಬೆರೆಸಿ ಕೊಡುವುದರಲ್ಲೂ ಹಸು ತನ್ನ ಜಾಣತನ ತೋರಿಸುತ್ತದೆ. ನೇಪಿಯರ್ ಹುಲ್ಲನ್ನೋ ಮೆಕ್ಕೆಜೋಳದ ದಂಟನ್ನೋ ಮಾರುದ್ದ ಹಾಗೇ ಎಸೆದರೆ ಎಲೆಯನ್ನೆಲ್ಲ ಕಿತ್ತು ತಿಂದು ದಂಟು ಬಿಡುತ್ತದೆ. ಫೀಡು ಮೇಲೆ ಉದುರಿಸಿದ್ದರೆ ಮೂತಿಯಿಂದ ಸರಿಸಿ ಸರಿಸಿ ತಳಕ್ಕಿಳಿದ ಪುಡಿಯನ್ನೇ ನೆಕ್ಕುತ್ತದೆ. ನಾವು ಲೆಕ್ಕ ಹಾಕಿ ಇಟ್ಟದ್ದು ಒಂದು, ಅದರ ಹೊಟ್ಟೆಗೆ ಹೋದದ್ದು ಇನ್ನೊಂದು. ಮೇವು ಕತ್ತರಿಸುವ ಯಂತ್ರದಲ್ಲಿ ಒಂದಂಗುಲದಷ್ಟು ಕತ್ತರಿಸಿದರೆ ಆಯುವುದು ಕಡಿಮೆಯಾಗುತ್ತದೆ. ಅದಕ್ಕಿಂತ ಸಣ್ಣಗೆ ಪುಡಿ ಮಾಡಿದರೆ ಮತ್ತೆ ಮೆಲುಕೇ ಕೈಬಿಡುತ್ತದೆ. ಬೆಳಿಗ್ಗೆ ಗೋದಲಿ ಗುಡಿಸುವಾಗ ಉಳಿದದ್ದು ಏನೆಂದು ಒಮ್ಮೆ ಕಣ್ಣು ಹಾಯಿಸಿದರೂ ಹಸುವಿನ ಊಟದ ಬಗ್ಗೆ ಬಹಳ ಗೊತ್ತಾಗುತ್ತದೆ.

ಹುಲ್ಲು ಅಂದರೆ ಎಲ್ಲ ಒಂದೇ ಅಲ್ಲ ಎಂಬುದು ಹಳಬರಿಗೆ ಚೆನ್ನಾಗಿ ಗೊತ್ತಿತ್ತು. ರಾಗಿ ಹುಲ್ಲಿನ ಬಣವೆ ಇರುವ ಮನೆಗೆ ಮರ್ಯಾದೆಯೇ ಬೇರೆ. ಭತ್ತದ ಹುಲ್ಲಿನಲ್ಲಿ ಪ್ರೋಟೀನು ಶೇ 3-4ರಷ್ಟು ಮಾತ್ರ. ಮೇಲೆ ಸಿಲಿಕಾ ಇದ್ದು ಸುಲಭಕ್ಕೆ ಅರಗದು, ಆಕ್ಸಲೇಟ್ ಇದ್ದು ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾಲುವೆ ಬಂದು ರಾಗಿ ಹೋಗಿ ಭತ್ತ ಬಂದ ಕಡೆ ಹಸುವಿನ ಊಟವೂ ಕೇಳದೆಯೇ ಬದಲಾಯಿತು. ಅಂಥಲ್ಲಿ ಖನಿಜ ಮಿಶ್ರಣ ಕೊಡುವುದು ಶೋಕಿಯಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಆಯಾ ಪ್ರದೇಶದ ಮಣ್ಣು, ಮೇವಿನಲ್ಲಿ ಏನು ಕೊರತೆಯಿದೆಯೋ ಅದನ್ನಷ್ಟೇ ತುಂಬುವ ಮಿಶ್ರಣಗಳನ್ನು ರೂಪಿಸಿರುವುದು ಇದೇ ಕಾರಣಕ್ಕೆ. ಹಸು ಗೋಡೆ ನೆಕ್ಕುತ್ತದೆ, ಮೂಳೆ ಕಡಿಯುತ್ತದೆ, ಒಣಗಲು ಹಾಕಿದ ಬಟ್ಟೆ ಜಗಿಯುತ್ತದೆ ಎಂದರೆ ದುರಭ್ಯಾಸವೆಂದು ಹೊಡೆದು ಪ್ರಯೋಜನವಿಲ್ಲ. ಹೆಚ್ಚಿನ ಸಲ ಅದಕ್ಕೆ ರಂಜಕವೋ ಉಪ್ಪೋ ಸಾಲದೆ ಹೋಗಿರುತ್ತದೆ.

ಕೋಲಾರ, ಚಿಕ್ಕಬಳ್ಳಾಪುರದವರಿಗೆ ಒಂದು ಅನುಕೂಲವಿದೆ. ರೇಷ್ಮೆ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪು ಪ್ರೋಟೀನು ತುಂಬಿದ ಮೇವು, ಹಸುಗಳಿಗೂ ಅದೆಂದರೆ ಪ್ರಾಣ. ರೇಷ್ಮೆ ಮತ್ತು ಹಾಲು ಒಂದೇ ಮನೆಯಲ್ಲಿ ಜೊತೆಜೊತೆಗೆ ಬೆಳೆದದ್ದರ ಹಿಂದೆ ಈ ನಂಟೂ ಇದೆ. ಹುಳುವಿನ ಹಾಸಿಗೆಗೆ ಉದುರಿಸಿದ ಸೋಂಕುನಿವಾರಕ ಪುಡಿ ಅದರ ಜೊತೆ ಗೋದಲಿಗೆ ಬರದಂತೆ ನೋಡಿಕೊಂಡರಾಯಿತು.

ಉತ್ತರ ಕರ್ನಾಟಕದಲ್ಲಿ ಕಥೆ ಬೇರೆ. ಅಲ್ಲಿ ಜೋಳದ ಕಣಿಕೆಯೇ ದನಗಳ ಬಾಳು. ಒಣಗಿದ ಕಣಿಕೆಯಷ್ಟು ನಂಬಿಕೆಯ ಮೇವು ಇನ್ನೊಂದಿಲ್ಲ. ಅದೇ ಜೋಳ ಎಳೆಯದಿದ್ದಾಗ, ಮಳೆ ಕೈಕೊಟ್ಟು ಬಾಡಿದಾಗ, ಕೊಯ್ದ ಕೂಳೆಯಿಂದ ಮತ್ತೆ ಚಿಗುರಿದಾಗ ವಿಷ. ಎಳೆ ಜೋಳದ ಗರಿಯಲ್ಲಿ ಧುರಿನ್ ಎಂಬ ವಸ್ತು ತುಂಬಿಕೊಂಡಿರುತ್ತದೆ. ದನ ಅದನ್ನು ಅಗಿದು ಗರಿಯ ಕೋಶಗಳು ಒಡೆದಾಗ ಸಯನೈಡ್ ಹೊರಬರುತ್ತದೆ. ಸಯನೈಡು ಉಸಿರಿನ ಆಮ್ಲಜನಕವನ್ನು ಜೀವಕೋಶಗಳು ಬಳಸಲು ಬಿಡುವುದಿಲ್ಲ. ಆಮ್ಲಜನಕ ರಕ್ತದಲ್ಲೇ ಉಳಿಯುವುದರಿಂದ ರಕ್ತ ಕೆಂಪಗೆ ಹೊಳೆಯುತ್ತಿರುತ್ತದೆ, ದನ ಮಾತ್ರ ಉಸಿರುಗಟ್ಟಿ ಉರುಳುತ್ತದೆ. ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಉಳಿಸಬಲ್ಲದು, ಆದರೆ ಹೊಲದಿಂದ ದವಾಖಾನೆಗೆ ಇರುವ ದಾರಿಗಿಂತ ವಿಷದ ದಾರಿ ಹತ್ತಿರದ್ದು. ಹೂವು ಬಿಡುವ ಮೊದಲು ಹಸಿ ಜೋಳಕ್ಕೆ ದನ ಬಿಡಬಾರದು ಎಂದು ಹಿರಿಯರು ಕಟ್ಟಿಕೊಂಡ ನೇಮಕ್ಕೆ ರಸಾಯನಶಾಸ್ತ್ರದ ಬೆಂಬಲವಿದೆ. ಬರದ ವರ್ಷದಲ್ಲಿ ಬೇರೆ ಹಸಿರೇ ಇಲ್ಲದಾಗ ಆ ನೇಮ ಮುರಿಯುವುದು ಹೊಟ್ಟೆಗಿಲ್ಲದ ಕಷ್ಟದಿಂದ, ಅಜ್ಞಾನದಿಂದಲ್ಲ.

ನಾಲಿಗೆಯಿಂದ ಸುತ್ತಿ ನುಂಗುವ ಅಭ್ಯಾಸಕ್ಕೆ ಇನ್ನೊಂದು ಬೆಲೆಯಿದೆ. ಮೇಕೆ ತುಟಿಯಿಂದ ಆರಿಸಿ ತಿನ್ನುತ್ತದೆ. ಹಸು ಎಲೆ ಯಾವುದು ದಂಟು ಯಾವುದು ಎಂದು ಬಲ್ಲದೇ ಹೊರತು ಹುಲ್ಲಿನಲ್ಲಿ ಸೇರಿಕೊಂಡ ಮೊಳೆ, ತಂತಿಯ ಚೂರನ್ನು ಬೇರೆ ಮಾಡಲಾರದು. ನುಂಗಿದ ಮೊಳೆ ರೂಮೆನ್ನಿನ ಮುಂದಿರುವ ಎರಡನೇ ಹೊಟ್ಟೆಯಲ್ಲಿ ಕೂರುತ್ತದೆ. ಅಲ್ಲಿಂದ ಹೃದಯ ಅಂಗೈ ಅಗಲದ ದೂರವೂ ಇಲ್ಲ, ನಡುವೆ ಒಂದು ತೆಳು ಪರದೆ. ಎಷ್ಟೋ ಸಲ ಹೆರಿಗೆಯ ನೋವಿನಲ್ಲಿ ಹಸು ಮುಕ್ಕುವಾಗ ಆ ಮೊಳೆ ಒಳಗೆ ಚುಚ್ಚಿಕೊಳ್ಳುತ್ತದೆ. ಮನೆ ಕಟ್ಟುವ ಜಾಗದ ಪಕ್ಕ ಬಣವೆ ಒಟ್ಟಬೇಡಿ ಎಂದು ವೈದ್ಯರು ಗೋಗರೆಯುವುದು ಇದಕ್ಕೇ. ಬೆಂಗಳೂರಿನ ಬೀದಿಯಲ್ಲಿ ಮೇಯುವ ಹಸುಗಳ ಹೊಟ್ಟೆ ಕೊಯ್ದಾಗ ಸಿಗುವ ಪ್ಲಾಸ್ಟಿಕ್ ರಾಶಿಯ ಚಿತ್ರಗಳನ್ನು ಎಲ್ಲರೂ ಪತ್ರಿಕೆಗಳಲ್ಲಿ ನೋಡಿಯೇ ಇರುತ್ತೀರಿ.

ತಿಂದದ್ದು ಹಸುವಿನಲ್ಲೇ ನಿಲ್ಲುವುದೂ ಇಲ್ಲ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಮೆಕ್ಕೆಜೋಳದಲ್ಲಿರುವ ಅಫ್ಲಾಟಾಕ್ಸಿನ್ ವಿಷ ರೂಪ ಬದಲಿಸಿಕೊಂಡು ಒಂದು ದಿನದೊಳಗೆ ಹಾಲಿಗೆ ಬರುತ್ತದೆ; ಕಾಯಿಸಿದರೆ ಹೋಗುವುದಿಲ್ಲ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ ಪರೀಕ್ಷಿಸಿದ 6,432 ಹಾಲಿನ ಮಾದರಿಗಳಲ್ಲಿ 368ರಲ್ಲಿ ಇದು ಮಿತಿ ಮೀರಿತ್ತು. ನೀರು ಬೆರೆಸಿದ್ದಾರೆಯೇ ಎಂದು ಅನುಮಾನಿಸುವ ನಾವು ಈ ಕಡೆ ಗಮನ ಕೊಟ್ಟದ್ದು ಕಡಿಮೆ.

ಇನ್ನು ಹೊತ್ತಿನ ವಿಚಾರ. ಬಯಲಿನಲ್ಲಿ ಮೇಯುವ ದನ ಬೆಳಗಿನ ತಂಪಿನಲ್ಲಿ, ಸಂಜೆಯ ತಂಪಿನಲ್ಲಿ ಹೊಟ್ಟೆ ತುಂಬಿಕೊಂಡು ನಡುಹಗಲು ನೆರಳಲ್ಲಿ ಮಲಗುತ್ತದೆ. ಗೋಮಾಳಗಳು ಕರಗಿ, ಹೋಲ್‌ಸ್ಟೀನ್ ಫ್ರೀಸಿಯನ್ ಅಂದರೆ ಎಚ್‌ಎಫ್ ಮಿಶ್ರತಳಿ ಬಂದು, ಹಸು ಗೂಟಕ್ಕೆ ಬಿದ್ದ ಮೇಲೆ ಅದರ ಊಟದ ಹೊತ್ತನ್ನು ನಿರ್ಧರಿಸುವುದು ಡೈರಿಯ ಗಂಟೆ ಮತ್ತು ಮನೆಯ ಹೆಂಗಸರಿಗೆ ಸಿಗುವ ಬಿಡುವು. ಏಪ್ರಿಲ್ ತಿಂಗಳ ಮಧ್ಯಾಹ್ನ ಶೀಟಿನ ಕೊಟ್ಟಿಗೆಯಲ್ಲಿ ಮೇವು ಹಾಕಿದರೆ ಎಚ್‌ಎಫ್ ಹಸು ಮೂಸಿ ಸುಮ್ಮನಾಗುತ್ತದೆ; ಮೇವು ಹುದುಗುವಾಗ ಹುಟ್ಟುವ ಕಾವೂ ಸೇರಿದರೆ ಅದಕ್ಕೆ ತಡೆಯಲಾಗದು. ಅಂಥ ದಿನಗಳಲ್ಲಿ ಮೇವಿನ ಹೆಚ್ಚಿನ ಪಾಲು ರಾತ್ರಿ ಮತ್ತು ನಸುಕಿಗೆ ಹೋಗಬೇಕು.

ನೀರಿನ ಮಾತಂತೂ ಯಾರಿಗೂ ಬೇಡ. ಹಾಲಿನಲ್ಲಿ ಶೇ 87ರಷ್ಟು ನೀರೇ. ಒಂದು ಲೀಟರ್ ಹಾಲಿಗೆ ಮೂರು ನಾಲ್ಕು ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಗೂಟದ ಹಸುವಿಗೆ ದಿನಕ್ಕೆರಡು ಸಲ ಬಕೆಟ್ ಹಿಡಿದರೆ ಬಾಯಾರಿದ ಹಸು ಮೇವನ್ನೂ ಬಿಡುತ್ತದೆ, ಆಮೇಲೆ ಹಾಲು ಕಡಿಮೆಯಾಯಿತೆಂದು ಟಾನಿಕ್ ಬಾಟಲಿ ಬರುತ್ತದೆ. ಹಾಲಿನ ಖರ್ಚಿನಲ್ಲಿ ಶೇ 60-70ರಷ್ಟು ಮೇವಿನದೇ ಆಗಿರುವಾಗ ನೀರಿನಲ್ಲಿ ಉಳಿಸುವ ಈ ಜಾಣತನ ನನಗೆ ಅರ್ಥವಾಗಿಲ್ಲ. ಹಾಗೆಯೇ ಇನ್ನೊಂದು ಕಾಸಿಲ್ಲದ ಉಪಾಯ: ಹಾಲು ಕರೆದ ಕೂಡಲೇ ಹಸಿಮೇವು ಹಾಕುವುದು. ಕರೆದ ಮೇಲೆ ಮೊಲೆತೊಟ್ಟಿನ ತೂತು ಮುಚ್ಚಿಕೊಳ್ಳಲು ಅರ್ಧ ಮುಕ್ಕಾಲು ಗಂಟೆಯಾದರೂ ಬೇಕು. ಮೇವಿದ್ದರೆ ಹಸು ಅಷ್ಟು ಹೊತ್ತು ನಿಂತೇ ತಿನ್ನುತ್ತದೆ. ಇಲ್ಲದಿದ್ದರೆ ಸಗಣಿ ನೆಲದ ಮೇಲೆ ಮಲಗುತ್ತದೆ, ತೆರೆದ ತೊಟ್ಟಿನಿಂದ ಕೆಚ್ಚಲು ಬಾವಿನ ರೋಗಾಣು ಒಳಗೆ ಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ನಷ್ಟವಾಗುವುದು ಹಾಲೇ ಇಲ್ಲದ ದಿನಗಳಲ್ಲಿ. ಗಬ್ಬದ ಹಸು ಏಳು ತಿಂಗಳಾದ ಮೇಲೆ ಹಾಲು ಬತ್ತಿಸುತ್ತದೆ. ಡೈರಿಯಿಂದ ದುಡ್ಡು ಬರುವುದು ನಿಂತಿತು, ಹಿಂಡಿಯೂ ನಿಂತಿತು. ಒಣಹುಲ್ಲು ಎಸೆದರೆ ಸಾಕು ಎಂಬ ಲೆಕ್ಕ. ಹೊಟ್ಟೆಯಲ್ಲಿ ಕರು ಅತಿ ಹೆಚ್ಚು ಬೆಳೆಯುವುದು ಆ ಕೊನೆಯ ಎರಡು ತಿಂಗಳಲ್ಲೇ. ಈಯುವ ದಿನ ಹತ್ತಿರವಾದಂತೆ ಹಸುವಿಗೆ ತಾನಾಗಿಯೇ ಊಟ ಸೇರುವುದು ಕಡಿಮೆಯಾಗುತ್ತದೆ. ಕರು ಹಾಕಿದ ಮರುದಿನದಿಂದಲೇ ಕೆಚ್ಚಲು ಕೇಳುವ ಲೆಕ್ಕ ಬೇರೆ: ಗಿಣ್ಣು ಹಾಲಿನಲ್ಲಿ ಸುಣ್ಣದಂಶ ಸುರಿದುಹೋಗಿ, ರಕ್ತದಲ್ಲಿ ಅದು ಕುಸಿದು, ಹಸು ಕತ್ತು ಪಕ್ಕೆಗೆ ತಿರುಗಿಸಿ ಮಲಗಿಬಿಡುವ ಹಾಲುಜ್ವರ ಬರುವುದು ಹೆಚ್ಚಾಗಿ ಮೊದಲ ಎರಡು ಮೂರು ದಿನಗಳಲ್ಲಿ. ಹೆಸರಿಗೆ ಜ್ವರ, ಮುಟ್ಟಿದರೆ ಕಿವಿ ತಣ್ಣಗಿರುತ್ತದೆ.

ಅದನ್ನು ದಾಟಿದ ಹಸುವಿನ ಹಾಲು ಆರರಿಂದ ಎಂಟನೇ ವಾರಕ್ಕೆ ತುದಿ ಮುಟ್ಟುತ್ತದೆ. ತಿನ್ನುವ ಶಕ್ತಿ ತುದಿ ಮುಟ್ಟುವುದು ಅದಕ್ಕೂ ನಾಲ್ಕು ವಾರ ತಡವಾಗಿ. ನಡುವಿನ ಕೊರತೆಯನ್ನು ಹಸು ತನ್ನ ಮೈಕೊಬ್ಬು ಕರಗಿಸಿ ತುಂಬಿಕೊಡುತ್ತದೆ. ಕರಗಿಸಿದ್ದು ಅತಿಯಾದರೆ ಕೀಟೋಸಿಸ್. ಉಸಿರಿನಲ್ಲಿ ಉಗುರುಬಣ್ಣ ಅಳಿಸುವ ದ್ರವದಂಥ ವಾಸನೆ, ಹಿಂಡಿಯನ್ನು ಬಿಟ್ಟು ಹುಲ್ಲನ್ನಷ್ಟೇ ಮೆಲ್ಲುವುದು, ಹಾಲು ಸರ್ರನೆ ಇಳಿಯುವುದು. ಅತಿಯಾಗದಿದ್ದರೂ ಬಡಕಲಾದ ಹಸು ಹೊತ್ತಿಗೆ ಸರಿಯಾಗಿ ಬೆದೆಗೆ ಬರುವುದಿಲ್ಲ, ಬಂದರೂ ಗಬ್ಬ ನಿಲ್ಲುವುದಿಲ್ಲ. ಆಗ ಶುರುವಾಗುತ್ತದೆ ಇಂಜೆಕ್ಷನ್ನಿನ ಸರದಿ: ಒಂದು, ಎರಡು, ಮೂರು. ಮೂರು ವಾರಕ್ಕೊಮ್ಮೆ ಕೃತಕ ಗರ್ಭಧಾರಣೆಯ ಖರ್ಚು, ವರ್ಷಕ್ಕೊಂದು ಕರು ಎಂಬುದು ಒಂದೂವರೆ ವರ್ಷಕ್ಕೊಂದು ಆಗುವುದು, ಕೊನೆಗೆ ಹಸು ಬಂಜೆಯೆಂಬ ತೀರ್ಮಾನವಾಗಿ ಸಂತೆಗೆ ಹೊರಡುವುದು. ಅಲ್ಲಿ ಅದನ್ನು ಕೊಳ್ಳುವ ದಲ್ಲಾಳಿ ಹಲ್ಲು ನೋಡುತ್ತಾನೆ, ಕೆಚ್ಚಲು ನೋಡುತ್ತಾನೆ. ಬತ್ತಿಸಿದ ಎರಡು ತಿಂಗಳು ಅದಕ್ಕೆ ಏನು ಹಾಕಿದ್ದಿರಿ ಎಂದು ಕೇಳುವುದಿಲ್ಲ. ಕೇಳಿದರೂ ಹೇಳುವಷ್ಟು ಹೊತ್ತಿಗೆ ಮನೆಯಲ್ಲಿ ಅದು ಯಾರಿಗೂ ನೆನಪಿರುವುದಿಲ್ಲ.